ಭಾರಿ ಲಾರಿಗಳಲ್ಲಿ ಎಂಜಿನ್ ತಾಪಾಧಿಕ್ಯ: ದೋಷ ಪತ್ತೆಯ ಕ್ರಮ ಕುರಿತು ಒಂದು ವಿವೇಚನೆ

1. ಪೀಠಿಕೆ

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಏರುವ ಸರಕು ಲಾರಿಗೆ ಎರಡು ಕಷ್ಟಗಳು ಒಟ್ಟಿಗೇ ಎದುರಾಗುತ್ತವೆ. ಪೂರ್ಣ ಲೋಡಿನಲ್ಲಿ ಎಂಜಿನ್ ಹುಟ್ಟಿಸುವ ಶಾಖ ಹೆಚ್ಚು. ಗಾಡಿ ನಿಧಾನವಾಗಿ ಸಾಗುವುದರಿಂದ ರೇಡಿಯೇಟರಿಗೆ ಸಿಗುವ ಎದುರುಗಾಳಿ ಕಡಿಮೆ. ಡೀಸೆಲ್ ಉರಿದು ಬಿಡುಗಡೆಯಾಗುವ ಶಕ್ತಿಯಲ್ಲಿ ಸ್ಥೂಲವಾಗಿ ಕಾಲು ಭಾಗವನ್ನು ಕೂಲೆಂಟ್ ಹೊರಸಾಗಿಸಬೇಕು. ಆ ವ್ಯವಸ್ಥೆಯ ಕೊರತೆ ಏರಿನಲ್ಲೇ ಮೊದಲು ಬಯಲಾಗುತ್ತದೆ.

‘ಗಾಡಿ ಹೀಟ್ ಆಗುತ್ತಿದೆ’ ಎಂಬ ದೂರಿಗೆ ಅನೇಕ ಗ್ಯಾರೇಜುಗಳಲ್ಲಿ ಒಂದಾದ ಮೇಲೊಂದು ಭಾಗ ಬದಲಿಸಿ ನೋಡುವುದೇ ರೂಢಿ. ಕಾವು ಯಾವ ಸ್ಥಿತಿಯಲ್ಲಿ ಏರುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಒಂದೇ ಲಕ್ಷಣದ ಎರಡು ಕಾರಣಗಳನ್ನು ಬೇರ್ಪಡಿಸುವ ಪರೀಕ್ಷೆ ನಡೆಸಿದ ನಂತರವೇ ಎಂಜಿನ್ ಬಿಚ್ಚಬೇಕೆಂಬುದು ಈ ಲೇಖನದ ವಾದ.

2. ಸ್ಥಿತಿಯೇ ಸಾಕ್ಷ್ಯ

ಮೊದಲು ಮೀಟರ್ ಹೇಳುತ್ತಿರುವುದು ನಿಜವೇ ಎಂದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಥರ್ಮೋಸ್ಟಾಟ್ ಹೌಸಿಂಗಿನ ಬಳಿ ಅಳೆಯಬೇಕು. ಸೆನ್ಸರ್ ಕೆಟ್ಟಿದ್ದರೆ ಶೋಧ ಅಲ್ಲಿಗೇ ಮುಗಿಯುತ್ತದೆ. ನಿಂತಾಗ ಕಾವು ಏರಿ, ಓಡುವಾಗ ಇಳಿದರೆ ಫ್ಯಾನ್ ಬೆಲ್ಟ್ ಅಥವಾ ಫ್ಯಾನ್ ಕ್ಲಚ್ ಮೇಲೆ ಅನುಮಾನ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡಿನಲ್ಲಿ ಮಾತ್ರ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ಅದರ ಮುಖದ ಮೇಲೆ ಅಲ್ಲಲ್ಲಿ ತಣ್ಣನೆಯ ಪಟ್ಟಿಗಳು ಕಂಡರೆ ಆ ಕೊಳವೆಗಳಲ್ಲಿ ಹರಿವಿಲ್ಲ. ಗಡಸು ಬೋರ್‌ವೆಲ್ ನೀರು ತುಂಬುವ ಗಾಡಿಗಳಲ್ಲಿ ಸುಣ್ಣದ ಪೊರೆ ಇದಕ್ಕೆ ಸಾಮಾನ್ಯ ಕಾರಣ.

ರೇಡಿಯೇಟರ್ ಕ್ಯಾಪನ್ನೂ ಕಡೆಗಣಿಸುವಂತಿಲ್ಲ. ಸುಮಾರು 900 ಮೀಟರ್ ಎತ್ತರದಲ್ಲಿ ತೆರೆದ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. 0.5 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಕುದಿಬಿಂದುವನ್ನು ಹತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೊಯ್ಯುತ್ತದೆ. ಅದರ ಸ್ಪ್ರಿಂಗ್ ಸಡಿಲವಾದರೆ ಉಳಿದೆಲ್ಲ ಸರಿಯಿದ್ದರೂ ನೀರು ಉಕ್ಕೀತು.

3. ಥರ್ಮೋಸ್ಟಾಟ್ ತೆಗೆಯುವ ರೂಢಿ

ಕಾವು ಏರಿದೊಡನೆ ಥರ್ಮೋಸ್ಟಾಟ್ ಕಿತ್ತೆಸೆಯುವ ಪರಿಪಾಠ ವ್ಯಾಪಕವಾಗಿದೆ. ಹಲವು ಟ್ರಕ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಂತೆ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ; ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ನೇರವಾಗಿ ಎಂಜಿನ್ನಿಗೆ ಮರಳುತ್ತದೆ. ಘಾಟಿಯಲ್ಲಿ ಕಾವು ಇಳಿಯುವ ಬದಲು ಇನ್ನಷ್ಟು ಏರುವ ಸಂಭವವೇ ಹೆಚ್ಚು.

4. ಗುಳ್ಳೆಗಳ ಮೂಲ

ರೇಡಿಯೇಟರಿನಲ್ಲಿ ಗುಳ್ಳೆ ಬಿಡದೆ ಏಳುತ್ತಿದ್ದರೆ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂಬ ತೀರ್ಮಾನ ಸಿದ್ಧವಾಗಿರುತ್ತದೆ. ಕಾರಿನಲ್ಲಿ ಈ ಊಹೆ ಬಹುಮಟ್ಟಿಗೆ ಸಲ್ಲುತ್ತದೆ. ಏರ್ ಬ್ರೇಕ್ ಇರುವ ಲಾರಿಯಲ್ಲಿ ಇನ್ನೊಂದು ಮೂಲವಿದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್‌ನ ಹೆಡ್ ಅನೇಕ ಎಂಜಿನ್‌ಗಳಲ್ಲಿ ಇದೇ ಕೂಲೆಂಟಿನಿಂದ ತಣಿಯುತ್ತದೆ. ಅದರ ಗ್ಯಾಸ್ಕೆಟ್ ಸೋರಿದರೆ ಒತ್ತಡದ ಗಾಳಿ ಕೂಲೆಂಟಿಗೆ ನುಗ್ಗಿ ನೀರನ್ನು ಹೊರದೂಡುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ.

ಇವನ್ನು ಬೇರ್ಪಡಿಸಲು ಎರಡು ದಾರಿಗಳಿವೆ. ಬ್ರೋಮೋಥೈಮಾಲ್ ಬ್ಲೂ ದ್ರಾವಣದ ಮೂಲಕ ರೇಡಿಯೇಟರ್ ಟ್ಯಾಂಕಿನ ಅನಿಲ ಹಾಯಿಸಿದಾಗ ನೀಲಿ ಹಳದಿಗೆ ತಿರುಗಿದರೆ ದಹನಾನಿಲದ ಇಂಗಾಲದ ಡೈಆಕ್ಸೈಡ್ ಇದೆಯೆಂದರ್ಥ. ಕಂಪ್ರೆಸರ್ ಗಾಳಿ ಬಣ್ಣ ಬದಲಿಸದು. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಈ ಅನಿಲವನ್ನು ಕಡಿಮೆ ಉಗುಳುವುದರಿಂದ ಗಾಡಿಯನ್ನು ಲೋಡಿನಲ್ಲಿ ಓಡಿಸಿದ ಮೇಲೆ ಪರೀಕ್ಷಿಸುವುದು ಲೇಸು. ಎರಡನೆಯದಾಗಿ, ಎಂಜಿನ್ ತಣ್ಣಗಿರುವಾಗ ಕಂಪ್ರೆಸರ್‌ನ ನೀರಿನ ಪೈಪುಗಳನ್ನು ಬಿಡಿಸಿ, ಎಂಜಿನ್ ಕಡೆಯ ತುದಿಗಳನ್ನು ಮುಚ್ಚಿ, ಸ್ವಲ್ಪ ಹೊತ್ತು ಮಾತ್ರ ಚಾಲೂ ಮಾಡಬೇಕು. ಗುಳ್ಳೆ ನಿಂತರೆ ಎಂಜಿನ್ ಹೆಡ್ ಇಳಿಸುವ ಅಗತ್ಯವೇ ಇಲ್ಲ.

5. ಉಪಸಂಹಾರ

ಒಂದೇ ಲಾರಿಯನ್ನು ನಂಬಿ ಬದುಕುವ ಮಾಲೀಕ-ಚಾಲಕನಿಗೆ ಅನಗತ್ಯವಾಗಿ ಇಳಿಸಿದ ಹೆಡ್ ಎಂದರೆ ದಿನಗಟ್ಟಲೆ ಬಾಡಿಗೆ ನಷ್ಟ, ಸಾಲದ ಕಂತಿಗೆ ಕುತ್ತು. ಆದ್ದರಿಂದ ಜಾಬ್ ಕಾರ್ಡಿನಲ್ಲಿ ‘ಹೀಟಿಂಗ್’ ಎಂಬ ಒಂದೇ ಪದ ಸಾಲದು. ಲೋಡ್ ಎಷ್ಟು, ಯಾವ ಗೇರ್, ಏರೋ ಸಮತಟ್ಟೋ, ಚಾಲೂ ಮಾಡಿದ ಎಷ್ಟು ಹೊತ್ತಿಗೆ ಮುಳ್ಳು ಏರಿತು ಎಂಬ ನಾಲ್ಕು ವಿವರಗಳು ದಾಖಲಾಗಬೇಕು. ಇವನ್ನು ಬಲ್ಲವನು ಚಾಲಕನೇ. ದೋಷ ಪತ್ತೆ ಅವನ ಮಾತು ಕೇಳುವುದರಿಂದಲೇ ಶುರುವಾಗಬೇಕು.