ಚಳಿಗಾಲದಲ್ಲಿ ಕುಂಡದ ಗಿಡಗಳ ಆರೈಕೆ: ಪಾಯಿನ್ಸೆಟಿಯಾ ಮುಂದಿನ ವರ್ಷವೂ ಕೆಂಪಾಗಬೇಕಾದರೆ ಹೀಗೆ ಮಾಡಿ

ಡಿಸೆಂಬರ್ ಬಂತೆಂದರೆ ನರ್ಸರಿಗಳ ಮುಂದೆ ಕೆಂಪು ಪಾಯಿನ್ಸೆಟಿಯಾ ಕುಂಡಗಳ ಸಾಲು. ಕ್ರಿಸ್‌ಮಸ್‌ಗೆ ಮನೆಗೆ ತಂದ ಗಿಡ ಸಂಕ್ರಾಂತಿಯ ಹೊತ್ತಿಗೆ ಎಲೆ ಉದುರಿಸಿ ಬೋಳಾಗುತ್ತದೆ. ಚಳಿಗೆ ಸತ್ತಿತು ಎಂದುಕೊಂಡು ಎಸೆಯುತ್ತೇವೆ. ಆದರೆ ಬಹಳಷ್ಟು ಸಲ ಗಿಡವನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ನಾವೇ ಹಾಕುವ ನೀರು.

ಬೇಸಿಗೆಯಲ್ಲಿ ದಿನಕ್ಕೊಂದು ಚೊಂಬು ನೀರು ಹಾಕಿದ ಅಭ್ಯಾಸ ಚಳಿಗಾಲದಲ್ಲೂ ಮುಂದುವರಿಯುತ್ತದೆ. ಬಿಸಿಲು ಕಡಿಮೆಯಾದಾಗ ಮಣ್ಣು ಬೇಗ ಒಣಗುವುದಿಲ್ಲ, ಬೇರು ಕೊಳೆಯುತ್ತದೆ. ಬೆರಳನ್ನು ಒಂದು ಇಂಚು ಮಣ್ಣಿನೊಳಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಅದೂ ಬಿಸಿಲೇರಿದ ಮೇಲೆ, ಸಂಜೆ ಬೇಡ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಉಡುಗೊರೆಯಾಗಿ ಬಂದ ಗಿಡವಾದರೆ ಕುಂಡಕ್ಕೆ ಸುತ್ತಿದ ಬಣ್ಣದ ಹಾಳೆಯನ್ನು ಮೊದಲು ತೆಗೆಯಿರಿ. ಅದು ನೀರನ್ನು ಒಳಗೇ ಹಿಡಿದಿಡುತ್ತದೆ.

ಊರಿಗೊಂದು ಚಳಿಗಾಲ

ದೆಹಲಿಯಲ್ಲಿರುವವರಿಗೆ ಕೆಲಸ ಹೆಚ್ಚು. ಜನವರಿಯಲ್ಲಿ ಅಲ್ಲಿನ ರಾತ್ರಿ ತಾಪಮಾನ 5 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಪಾಯಿನ್ಸೆಟಿಯಾಕ್ಕೆ 10 ಡಿಗ್ರಿಗಿಂತ ಕಡಿಮೆ ಚಳಿ ಆಗಿಬರುವುದಿಲ್ಲ. ರಾತ್ರಿ ಒಳಗೆ ತನ್ನಿ, ಆದರೆ ರೂಮ್ ಹೀಟರ್ ಪಕ್ಕ ಇಡಬೇಡಿ. ತುಳಸಿಯ ಪಾಡೂ ಇದೇ. ಕಾರ್ತಿಕದಲ್ಲಿ ತುಳಸಿ ಪೂಜೆ ಮಾಡಿ ಪುಷ್ಯದಲ್ಲಿ ಒಣಕಡ್ಡಿ ನೋಡುವ ಬೇಸರ ದೆಹಲಿ ಕನ್ನಡಿಗರಿಗೆ ಹೊಸದಲ್ಲ. ಬೀಜದ ತೆನೆಗಳನ್ನು ಚಿವುಟಿ, ರಾತ್ರಿ ಹಳೆಯ ಹತ್ತಿಬಟ್ಟೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಕರಿಬೇವು ಎಲೆ ಉದುರಿಸಿದರೆ ಗಾಬರಿ ಬೇಡ, ನೀರು ಕಡಿಮೆ ಮಾಡಿ ಕಾಯಿರಿ. ಚಳಿ ಕಳೆದ ಮೇಲೆ ಚಿಗುರುತ್ತದೆ.

ಪುಣೆ, ಹೈದರಾಬಾದ್‌ನಲ್ಲಿ ತೀರಾ ಚಳಿಯ ರಾತ್ರಿಗಳಲ್ಲಿ ಕುಂಡವನ್ನು ಗೋಡೆಗೆ ಒತ್ತಿ ಇಟ್ಟರೆ ಸಾಮಾನ್ಯವಾಗಿ ಸಾಕು. ಮುಂಬೈಯಲ್ಲಿ ಇದು ಗಿಡಗಳಿಗೆ ಹಿತವಾದ ಕಾಲ. ಚೆನ್ನೈನ ಚಿಂತೆಯೇ ಬೇರೆ. ಡಿಸೆಂಬರ್‌ವರೆಗೂ ಹಿಂಗಾರು ಮಳೆ ಇರುವುದರಿಂದ ಕುಂಡಗಳನ್ನು ಇಟ್ಟಿಗೆಯ ಮೇಲಿಟ್ಟು, ತಳದ ತೂತು ಮುಚ್ಚಿಲ್ಲವೇ ನೋಡಿಕೊಳ್ಳಿ.

ವಿಶ್ರಾಂತಿಯಲ್ಲಿರುವ ಗಿಡಕ್ಕೆ ಗೊಬ್ಬರ ಬೇಡ, ಕುಂಡ ಬದಲಿಸುವುದೂ ಬೇಡ. ಸೇವಂತಿಗೆ, ಡೇಲಿಯಾ, ಪೆಟುನಿಯಾಗಳಿಗೆ ಇದೇ ಸುಗ್ಗಿ, ಅವಕ್ಕೆ ಧಾರಾಳವಾಗಿ ಕೊಡಿ.

ಕೆಂಪು ಬಣ್ಣ ಬರುವುದು ಕತ್ತಲೆಯಿಂದ

ಪಾಯಿನ್ಸೆಟಿಯಾ ಮೂಲತಃ ಮೆಕ್ಸಿಕೊದ ಗಿಡ. ಅಲ್ಲಿ ಅಮೆರಿಕದ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದ ಜೋಯಲ್ ಪಾಯಿನ್ಸೆಟ್ 1820ರ ದಶಕದಲ್ಲಿ ಇದನ್ನು ತನ್ನ ದೇಶಕ್ಕೆ ಕಳಿಸಿದ್ದರಿಂದ ಈ ಹೆಸರು. ನಾವು ಹೂವೆಂದುಕೊಳ್ಳುವ ಕೆಂಪು ಭಾಗ ನಿಜದಲ್ಲಿ ಎಲೆ. ನಡುವಿನ ಹಳದಿ ಗುಂಡುಗಳಲ್ಲಿ ಇರುವುದೇ ಹೂವು.

ಈ ಎಲೆಗಳು ಕೆಂಪಾಗಲು ದಿನಕ್ಕೆ ಸುಮಾರು 14 ಗಂಟೆ ಎಡೆಬಿಡದ ಕತ್ತಲೆ ಬೇಕು, ಅದೂ 8ರಿಂದ 10 ವಾರ. ಬಾಲ್ಕನಿಯ ಬಲ್ಬು, ಬೀದಿದೀಪ ಬಿದ್ದರೂ ಗಿಡ ಹಸಿರಾಗೇ ಉಳಿಯುತ್ತದೆ. ಸೇವಂತಿಗೆಯದ್ದೂ ಇದೇ ಸ್ವಭಾವ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ಹೂವು ಬೇಗ ಬರದಂತೆ ತಡೆಯಲು ರೈತರು ಮಾಡುವ ಉಪಾಯ ಅದು. ಮನೆಯಲ್ಲಿ ನಾವು ಮಾಡಬೇಕಾದ್ದು ಇದರ ತಿರುವುಮುರುವು.

ಆದ್ದರಿಂದ ಈ ವರ್ಷದ ಗಿಡವನ್ನು ಎಸೆಯಬೇಡಿ. ಚಳಿ ಕಳೆದು ಮಾರ್ಚ್ ಬಂದಾಗ ಕೊಂಬೆಗಳನ್ನು ಬುಡದಿಂದ ಆರು ಇಂಚು ಬಿಟ್ಟು ಸವರಿ. ಹಾಲಿನಂಥ ರಸ ಒಸರುತ್ತದೆ, ಚರ್ಮಕ್ಕೆ ತುರಿಕೆ ತರಬಹುದು, ಕೈಗವಸು ಇರಲಿ. ಜನ ಹೇಳುವಷ್ಟು ಘೋರ ವಿಷವೇನಲ್ಲ, ಆದರೂ ಮಕ್ಕಳು, ಬೆಕ್ಕು ನಾಯಿಗಳಿಂದ ದೂರವಿಡಿ. ಚಿಗುರು ಬಂದ ಮೇಲೆ ಹೊಸ ಮಣ್ಣು, ಗೊಬ್ಬರ ಕೊಡಿ. ಆಗಸ್ಟ್ ಕೊನೆಯವರೆಗೆ ತುದಿ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ.

ಅಕ್ಟೋಬರ್ ಆರಂಭದಿಂದ ಸಂಜೆ ಆರಕ್ಕೆ ರಟ್ಟಿನ ಡಬ್ಬ ಮುಚ್ಚಿ, ಬೆಳಿಗ್ಗೆ ಎಂಟಕ್ಕೆ ತೆಗೆದು ಬಿಸಿಲಿಗಿಡಿ. ದೀಪಾವಳಿಯ ಸೀರಿಯಲ್ ಸೆಟ್ ತೂಗುಹಾಕುವುದೂ ಸರಿಯಾಗಿ ಈ ದಿನಗಳಲ್ಲೇ. ಹಬ್ಬದ ಗಡಿಬಿಡಿಯಲ್ಲಿ ಡಬ್ಬ ಮರೆಯಬೇಡಿ. ಎಲೆಗಳು ಪೂರ್ತಿ ಬಣ್ಣ ತಳೆದ ಮೇಲೆ ಡಬ್ಬ ಬೇಕಿಲ್ಲ.