ಮಾರುಕಟ್ಟೆ ಧಾರಣೆ ಸುದ್ದಿ (ಸಿಂಧನೂರು, ಲಿಂಗಸುಗೂರು, ಮಸ್ಕಿ)

ರಾಯಚೂರು ಜಿಲ್ಲೆಯ ಈ ತಾಲ್ಲೂಕುಗಳ ರೈತರಿಗೆ ಕೃಷಿ ಉತ್ಪನ್ನಗಳ ದೈನಿಕ ಬೆಲೆ ತಿಳಿಸುವ ವ್ಯವಸ್ಥೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಸಿಂಧನೂರು ಭತ್ತಕ್ಕೆ ಹೆಸರಾಗಿದೆ. ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ, ಜೋಳ, ಹತ್ತಿ, ಸಜ್ಜೆ ಬೆಳೆಯುತ್ತಾರೆ. ಹಿಂದೆ ಧಾರಣೆಯು ಎಪಿಎಂಸಿ ಫಲಕ, ಆಕಾಶವಾಣಿ, ದಿನಪತ್ರಿಕೆಗಳಿಂದ ತಿಳಿಯುತ್ತಿತ್ತು. ಈಗ ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಜಾಲತಾಣ, ಕೇಂದ್ರದ ಆಗ್‌ಮಾರ್ಕ್‌ನೆಟ್ ಮತ್ತು ವಾಟ್ಸ್‌ಆ್ಯಪ್ ಗುಂಪುಗಳು ಪ್ರಮುಖ ಮೂಲಗಳು. ಇಲಾಖೆಯು ಆವಕ ಹಾಗೂ ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ಬೆಲೆಗಳನ್ನು ಪ್ರಕಟಿಸುತ್ತದೆ. ಆನ್‌ಲೈನ್ ವಹಿವಾಟಿಗಾಗಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ, ರಾಷ್ಟ್ರೀಯ ಕೃಷಿ ಮಾರುಕಟ್ಟೆ (ಇ-ನಾಮ್) 2016ರ ಏಪ್ರಿಲ್ 14ರಂದು ಆರಂಭವಾದವು. ಗರಿಷ್ಠ ಬೆಲೆ ಉತ್ತಮ ಗುಣಮಟ್ಟದ ಅಲ್ಪ ಮಾಲಿಗೆ ಮಾತ್ರ ಸಿಕ್ಕಿರಬಹುದು. ಆದ್ದರಿಂದ ಮಾರುವ ಮುನ್ನ ರೈತರು ಮಾದರಿ ಬೆಲೆಯನ್ನೇ ಆಧಾರವಾಗಿ ಹಿಡಿಯುವುದು ಸೂಕ್ತ.