ಮತ್ಸ್ಯವಿನೋದವೂ ಮತ್ಸ್ಯಪರೀಕ್ಷೆಯೂ

ಕೃಷ್ಣಾತೀರದ ನಮ್ಮ ಜುಗೂಳದಂಥ ಊರುಗಳಲ್ಲಿ ಮೀನಿನ ಮಾತೆಂದರೆ ಬಲೆಯ ಮಾತು, ಇಲ್ಲವೆ ಸಂತೆಯ ಮಾತು. ಮೀನನ್ನು ಅಕ್ಕರೆಯಿಂದ ಸಾಕಿ, ಅದರ ಮೈಕಟ್ಟು ಬಣ್ಣಗಳನ್ನು ಪರೀಕ್ಷಿಸಿ ತಾರತಮ್ಯವನ್ನು ನಿರ್ಣಯಿಸುವುದೂ ಒಂದು ವಿದ್ಯೆಯೆಂದರೆ ಹಲವರು ನಕ್ಕಾರು. ಜಪಾನ ದೇಶದಲ್ಲಿ ಈ ವಿದ್ಯೆಗೆ ಆಯುಷ್ಯವನ್ನೇ ಮುಡಿಪಾಗಿಟ್ಟವರುಂಟು. ಆದರೆ ಮೀನನ್ನು ಲಕ್ಷಣವರಿತು ನೋಡುವ ಕಣ್ಣು ಕನ್ನಡನಾಡಿಗೆ ಹೊಸದಲ್ಲ.

ಆರನೆಯ ವಿಕ್ರಮಾದಿತ್ಯನ ಮಗನೂ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯೂ ಆದ ಭೂಲೋಕಮಲ್ಲ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳೂ ನೂರು ಅಧ್ಯಾಯಗಳೂ ಉಳ್ಳ ಈ ಗ್ರಂಥದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಮತ್ಸ್ಯವಿನೋದಕ್ಕೂ ಒಂದು ಪ್ರಕರಣವು ಮೀಸಲಾಗಿರುವುದು.

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ರೋಹಿತ, ಪಾಠೀನ, ಶಕುಲ ಮುಂತಾದ ಹೆಸರುಗಳನ್ನು ಪೋಣಿಸಿ ಮುಂದೆ ಸಾಗುವನು. ಅದು ಕೋಶಕಾರನ ಧರ್ಮ. ಸೋಮೇಶ್ವರನಾದರೋ ದಡದಲ್ಲಿ ನಿಂತು ಕಂಡವನಂತೆ ಬರೆದಿರುವನು. ಸುಮಾರು 35 ಜಾತಿಗಳನ್ನು ಎಣಿಸಿ, ಸಮುದ್ರದವು ಯಾವುವು, ನದಿಯವು ಯಾವುವು; ಮೈಮೇಲೆ ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು; ದೊಡ್ಡವು, ನಡುತರದವು, ಸಣ್ಣವು ಯಾವುವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಮೇವೆಂಬುದನ್ನೂ ಹೇಳಿರುವನು. ಈ ತಿಳಿವಳಿಕೆಯು ಕೊನೆಗೆ ಗಾಳಕ್ಕೆ ಸೇರತಕ್ಕದ್ದೆಂಬುದು ನಿಜ. ಆದರೂ ಪರೀಕ್ಷಕನ ಕಣ್ಣು ಇಲ್ಲಿಯೇ ತೆರೆದಿರುವುದು.

ಜಪಾನಿನ ವಿದ್ಯೆಯ ಮೂಲವೂ ಹೊಟ್ಟೆಯ ಚಿಂತೆಯೇ. ನೀಗಾಟ ಪ್ರಾಂತದ ಗುಡ್ಡಗಾಡಿನ ಭತ್ತದ ರೈತರು ಆಹಾರಕ್ಕಾಗಿ ಗೆಂಡೆಮೀನುಗಳನ್ನು ಹೊಂಡಗಳಲ್ಲಿ ಸಾಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಅವುಗಳಲ್ಲಿ ಬಣ್ಣದ ಮರಿಗಳು ತೋರಿದುವು. ರೈತರು ಅವನ್ನು ತಿನ್ನದೆ ಆರಿಸಿ ಬೆಳೆಸಿದರು. 1914ರ ತೋಕಿಯೋ ಪ್ರದರ್ಶನದಲ್ಲಿ ಅವು ಲೋಕಪ್ರಸಿದ್ಧಿಗೆ ಬಂದುವು. ಬಿಳಿಯ ಮೈಮೇಲೆ ಕೆಂಪು ಮಚ್ಚೆಯಿದ್ದರೆ ಕೋಹಾಕು. ಅದರೊಡನೆ ಕಪ್ಪೂ ಸೇರಿದರೆ ಸಾಂಕೆ. ಹೀಗೆ ಬಣ್ಣಕ್ಕೊಂದು ಹೆಸರಿದ್ದರೂ ಪರೀಕ್ಷಕರು ಮೊದಲು ನೋಡುವುದು ಮೈಕಟ್ಟನ್ನು. ಅನಂತರ ಬಣ್ಣದ ಕಾಂತಿಯನ್ನು ಮತ್ತು ಮಚ್ಚೆಗಳ ವಿನ್ಯಾಸವನ್ನು. ಅಲ್ಲಿ ವಿದ್ಯೆಯು ಉಳಿದು ಬೆಳೆದುದು ಹೆಸರೂ ಮೀನೂ ತಲೆಮಾರಿನಿಂದ ತಲೆಮಾರಿಗೆ ಒಟ್ಟಾಗಿ ಸಾಗಿದುದರಿಂದ.

ನಮ್ಮಲ್ಲಿ ಆ ತಂತುವು ಕಡಿಯಿತು. ಮಾನಸೋಲ್ಲಾಸವು 1925ರಿಂದ ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮುದ್ರಿತವಾಯಿತು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಮತ್ಸ್ಯವಿನೋದವನ್ನು ವಿವೇಚಿಸಿದರು. ಆದರೂ ಅರಸನು ಹೇಳಿದ ಹೆಸರುಗಳಲ್ಲಿ ಹಲವು ಯಾವ ಮೀನಿಗೆ ಸಲ್ಲುವುವೆಂಬುದು ಇಂದಿಗೂ ಚರ್ಚೆಯ ವಿಷಯವೇ. ಗ್ರಂಥ ಉಳಿಯಿತು, ಹೆಸರುಗಳು ಉಳಿದುವು. ಅವನ್ನು ಬೆರಳಿಟ್ಟು ತೋರಿಸುವವರು ಉಳಿಯಲಿಲ್ಲ. ಇದಕ್ಕೆ ವಿಪರೀತವಾದ ನಿದರ್ಶನವೂ ನಮ್ಮ ಕೃಷ್ಣೆಯ ಜಲಾನಯನದಲ್ಲಿಯೇ ಉಂಟು. ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿಯು 1839ರಲ್ಲಿ ದಖ್ಖನದ ಮಹಸೀರ ಮೀನನ್ನು ವರ್ಣಿಸುವಾಗ ಸ್ಥಳೀಕರ 'ಖುಡ್ರೀ' ಎಂಬ ಹೆಸರನ್ನೇ ಅದರ ಶಾಸ್ತ್ರೀಯ ನಾಮದಲ್ಲಿ ಸೇರಿಸಿದನು. ಆ ಹೆಸರು ಇಂದಿಗೂ ಜೀವಂತವಾಗಿರುವುದು.

ನಮ್ಮ ಹೊಳೆಯ ಮೀನುಗಳಿಗೂ ಅಂಬಿಗರ ಬಾಯಲ್ಲಿ ಕನ್ನಡದ ಹೆಸರುಗಳುಂಟು. ಹಿರಿಯರು ತೀರಿಕೊಂಡಂತೆ ಅವೂ ಅವರ ಸಂಗಡವೇ ಹೋಗುವುವು. ಊರೂರಿನ ವಿದ್ಯಾರ್ಥಿಗಳು ಅಂಬಿಗರನ್ನು ವಿಚಾರಿಸಿ, ಮೀನನ್ನು ಕಣ್ಣಾರೆ ಕಂಡು, ಹೆಸರು, ಆಕಾರ, ಬಣ್ಣ, ಮೇವುಗಳನ್ನು ಬರೆದಿಡುವುದಾದರೆ, ಸೋಮೇಶ್ವರನು ಆರಂಭಿಸಿದ ಪ್ರಕರಣಕ್ಕೆ ಕೃಷ್ಣೆಯ ದಡದಿಂದ ಒಂದು ಅಧ್ಯಾಯವು ಸೇರುವುದು. ಇದಕ್ಕೆ ಹಣವು ಬೇಕಿಲ್ಲ. ಹೊತ್ತು ಮೀರದಂತೆ ತೊಡಗುವುದೊಂದೇ ಬೇಕು.